ಹಿಮದೇಶದ ಹೆಬ್ಬಾತುಗಳೂ ನಮ್ಮ ಕೆರೆಗಳೂ

ಟಿಬೆಟ್, ಮಂಗೋಲಿಯಗಳ ಸರೋವರಗಳು ಹೆಪ್ಪುಗಟ್ಟುವ ಕಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಮೈಸೂರು ಸೀಮೆಯ ಕೆರೆಗಳಿಗೆ ಬರುತ್ತವೆ. ಹಗಲು ನೀರಿನಲ್ಲಿದ್ದು ಇರುಳು ಪೈರನ್ನು ಮೇಯುವುದರಿಂದ ರೈತರ ದೂರು ನಿರಾಧಾರವಾದುದಲ್ಲ. ಆದರೆ ಬಂದೂಕು ಅದಕ್ಕೆ ಪರಿಹಾರವಲ್ಲ. 1972ರ ವನ್ಯಜೀವಿ ಶಾಸನವೂ ಅದನ್ನು ನಿಷೇಧಿಸಿದೆ. ಹಕ್ಕಿಯ ಹಿಕ್ಕೆ ಉತ್ತಮ ಗೊಬ್ಬರವೆಂಬುದನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಬಲ್ಲರು. ಮರದಡಿಯ ಹಿಕ್ಕೆಯನ್ನು ಕೆರೆಗೋಡಿನೊಡನೆ ಬೆರೆಸಿ ಹೊಲಗದ್ದೆಗೆ ಹಾಕುವುದು ಅಲ್ಲಿಯ ರೂಢಿ.

ಗರುಡನನ್ನು ಪೂಜಿಸುವ ಬಿಂಡಿಗನವಿಲೆಯವರಿಗೆ ಹಕ್ಕಿಯ ಗೌರವವನ್ನು ಬೋಧಿಸಬೇಕಾದುದಿಲ್ಲ. ಆ ಹೋಬಳಿಯ ಮುಖಂಡರೂ ಜಮೀನುದಾರರೂ ಕೆರೆಗೋಡು ತೆಗೆಯುವ ಕೆಲಸವನ್ನು ಶಿವರಾತ್ರಿ ಕಳೆಯುವವರೆಗೆ ತಡೆದಿರಿಸುವುದು ಲೇಸು. ಪುಷ್ಯಮಾಸದ ಬೆಳಗಿನಲ್ಲಿ ಏರಿಯ ಮೇಲೆ ಕುಳಿತು, ಬಂದ ಹಕ್ಕಿಗಳನ್ನು ಎಣಿಸಿ ದಿನಾಂಕಸಹಿತ ಬರೆದಿಡತಕ್ಕದ್ದು. ಪೈರು ಹಾಳಾಯಿತೆಂದು ಹೇಳುವವನ ಮಾತಿಗೂ ಆಗ ಆಧಾರವೊಂದು ಇರುತ್ತದೆ.