ಅಕ್ಕ ಯೂನಿಯನ್ ಕಮಿಟಿ ಸೇರ್ತಾಳಂತೆ

ಬ್ಲಾಗ್ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ನಡುವೆ ಒಂದಿಬ್ಬರು ಮೇಲ್ ಮಾಡಿ "ಇದ್ದೀರಾ, ಇಲ್ವಾ?" ಅಂತ ವಿಚಾರಿಸಿದ್ರಿ. ಇದ್ದೀನಿ. ಬರೆಯೋಕೆ ವಿಷಯ ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ವಿಷಯ ಇತ್ತು, ಧೈರ್ಯ ಇರಲಿಲ್ಲ. ಹೋದ ಭಾನುವಾರ ಮನೆಯಲ್ಲಿ ಒಂದು ವಾದ ನಡೀತು, ಇನ್ನು ತಡೆಯೋಕಾಗಲ್ಲ ಅಂತ ಕೂತಿದ್ದೀನಿ.

ವಾದ ಇಷ್ಟೇ. ನನ್ನ ದೊಡ್ಡಪ್ಪನ ಮಗಳು, ನಾನು ಅಕ್ಕ ಅಂತಲೇ ಕರೆಯೋದು, ಬೆಂಗಳೂರಲ್ಲಿ ವಕೀಲೆ. ಕೆಲಸ ಕಳಕೊಂಡವರ ಕೇಸುಗಳೇ ಹೆಚ್ಚು. ಒಂದು ಸಣ್ಣ ಐಟಿ ನೌಕರರ ಸಂಘದವರು "ಮೇಡಂ, ನಮ್ಮ ಕಾರ್ಯಕಾರಿ ಸಮಿತಿಗೆ ಬನ್ನಿ" ಅಂತ ಕರೆದಿದ್ದಾರೆ. ಅವಳಿಗೆ ಮನಸ್ಸಿದೆ. ದೊಡ್ಡಪ್ಪ ಬೇಡ ಅಂತಾರೆ. ನನ್ನ ರೂಮ್‌ಮೇಟ್ "ಇದು ಕಾನೂನಿಗೆ ಹೊಡೆಯೋ ಹ್ಯಾಕ್ ಅಷ್ಟೇ" ಅಂತಾನೆ. ನಾನು ಸೇರಲಿ ಅಂತೀನಿ. ಯಾಕೆ ಅಂತ ಹೇಳೋಕೆ ನನ್ನ ಕಥೆಯಿಂದಲೇ ಶುರು ಮಾಡ್ಬೇಕು.

2023ರಲ್ಲಿ ನನ್ನ ಹಿಂದಿನ ಕಂಪನಿ (ಹೆಸರು ಬೇಡ) ಒಂದು ಗುರುವಾರ ಸಂಜೆ ನಾಲ್ಕು ಗಂಟೆಗೆ ನನ್ನನ್ನ ಒಂದು ಮೀಟಿಂಗ್ ರೂಮಿಗೆ ಕರೀತು. ಎದುರಿಗೆ ಇಬ್ಬರು. ಮುಂದೆ ನೀರಿನ ಬಾಟಲಿ. ಮುಖದ ಮೇಲೆ ಆ ಒಂದು ಥರದ ಕಲಿತ ಕನಿಕರ. "ನೀವೇ ರಾಜೀನಾಮೆ ಕೊಟ್ರೆ ರಿಲೀವಿಂಗ್ ಲೆಟರ್ ಚೆನ್ನಾಗಿರತ್ತೆ. ಇಲ್ಲಾಂದ್ರೆ ನಾವೇ ತೆಗೀಬೇಕಾಗತ್ತೆ, ಮುಂದಿನ ಕಂಪನಿಯವರು ವಿಚಾರಿಸಿದಾಗ ಅದೇ ಹೇಳ್ಬೇಕಾಗತ್ತೆ." ಒಂದು ಗಂಟೆ ಟೈಮ್. ಮೇಲ್ ಹೇಗೆ ಬರೀಬೇಕು ಅಂತಲೂ ಅವರೇ ಹೇಳಿಕೊಟ್ರು, "ವೈಯಕ್ತಿಕ ಕಾರಣಗಳಿಂದ" ಅನ್ನೋ ಸಾಲು ಸಮೇತ. ನಾನು ಕಳಿಸಿದೆ. ಐದೂ ಕಾಲಿಗೆ ಲ್ಯಾಪ್‌ಟಾಪ್ ಕೊಟ್ಟು ಹೊರಗೆ ಬಂದಾಗ ಕಂಪನಿ ಬಸ್ ಹತ್ತಬಹುದಾ ಇಲ್ವಾ ಅನ್ನೋದೇ ದೊಡ್ಡ ಪ್ರಶ್ನೆ ಆಗಿತ್ತು. ಹತ್ತಲಿಲ್ಲ. ಆಟೋ ಹಿಡಿದೆ.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. "ಯಾಕೋ ಕಳಿಸ್ದೆ? ಒಂದು ಫೋನ್ ಮಾಡೋಕಾಗ್ಲಿಲ್ವಾ?" ಅಂತ ಬೈದು, ಆಮೇಲೆ ಸುಮ್ಮನಾದಳು. ಆ ಮೇಲೆ ಕೇಳಿದ್ದು, "ಊಟ ಆಯ್ತಾ?"

ನಾನು ಅಲ್ಲೀವರೆಗೂ ಕಾರ್ಮಿಕ ಕಾನೂನು ಅಂದ್ರೆ ಫ್ಯಾಕ್ಟರಿಯವರಿಗೆ ಅಂದುಕೊಂಡಿದ್ದೆ. ದೊಡ್ಡಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು, ಅವರಿಗೆ ಯೂನಿಯನ್ನು, ಗೇಟ್ ಮೀಟಿಂಗು ಎಲ್ಲ ಇತ್ತು. ನಮಗೇನು, ನಾವು 'ಎಂಜಿನಿಯರ್ಸ್' ಅಲ್ವಾ! ಅಕ್ಕ ಕೂರಿಸಿಕೊಂಡು ಹೇಳಿದಳು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಕಾರ್ಮಿಕ ಅನ್ನೋ ಪದದ ಅರ್ಥದಲ್ಲಿ 'ತಾಂತ್ರಿಕ ಕೆಲಸ' ಮಾಡುವವರೂ ಬರ್ತಾರೆ. ಕೈಕೆಳಗೆ ಯಾರೂ ಇಲ್ಲದೆ ಬೆಳಗಿಂದ ಸಂಜೆವರೆಗೂ ಕೋಡ್ ಬರೆಯೋನು ಮ್ಯಾನೇಜರ್ ಹೇಗಾಗ್ತಾನೆ? ಚೀಟಿಯಲ್ಲಿ 'ಸೀನಿಯರ್', 'ಲೀಡ್' ಅಂತ ಏನೇ ಇರಲಿ, ನೋಡೋದು ಮಾಡೋ ಕೆಲಸವನ್ನ. ತಮಿಳುನಾಡು ಸರ್ಕಾರ 2016ರಲ್ಲೇ ಐಟಿಯವರೂ ಸಂಘ ಕಟ್ಟಬಹುದು ಅಂತ ಸ್ಪಷ್ಟ ಮಾಡಿತ್ತು. ನಮ್ಮಲ್ಲೂ 2017ರಲ್ಲಿ ರಾಜ್ಯಮಟ್ಟದ ಐಟಿ ನೌಕರರ ಸಂಘ ಬಂತು. ಇದೆಲ್ಲ ನಡೀತಿದ್ದಾಗ ನಾನು ಇದೇ ಬ್ಲಾಗಲ್ಲಿ ಕೀಬೋರ್ಡ್ ಲೇಔಟ್ ಬಗ್ಗೆ ಜಗಳ ಆಡ್ತಿದ್ದೆ :-)

ಸರಿ, ಅರ್ಜಿ ಹಾಕಿದ್ವಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಸಂಧಾನಾಧಿಕಾರಿಯ ಮುಂದೆ ಮೊದಲನೇ ಸಿಟ್ಟಿಂಗ್. ನಾನು ಮತ್ತು ಅಕ್ಕ ಒಂದು ಕಡೆ. ಇನ್ನೊಂದು ಕಡೆ ಕಂಪನಿಯವರು ಇಬ್ಬರು, ಒಬ್ಬರ ಕೈಲಿ ದಪ್ಪ ಫೈಲು. ಅಕ್ಕ ಬಾಯಿ ತೆಗೆಯೋ ಮೊದಲೇ ಫೈಲಿನವರು ಎದ್ದು, "ಸರ್, ಮೇಡಂ ವಕೀಲರು. ಸೆಕ್ಷನ್ 36 ಪ್ರಕಾರ ಸಂಧಾನದಲ್ಲಿ ವಕೀಲರು ಪ್ರತಿನಿಧಿಸೋ ಹಾಗಿಲ್ಲ" ಅಂದ್ರು. ಅಧಿಕಾರಿಯೂ ತಲೆ ಆಡಿಸಿ, ತೀರಾ ಸೌಜನ್ಯದಿಂದಲೇ "ಮೇಡಂ, ನೀವು ಸ್ವಲ್ಪ ಹೊರಗೆ..." ಅಂದ್ರು. ಅಕ್ಕ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಆಮೇಲೆ ಗೊತ್ತಾಯ್ತು, ಆ ಫೈಲಿನವರೂ ಎಲ್‌ಎಲ್‌ಬಿ. ಹದಿನೈದು ವರ್ಷದಿಂದ ಇದೇ ಕೆಲಸ. ಆದ್ರೆ ಅವರು ಕಂಪನಿಯ ಸಂಬಳದ ನೌಕರ. ಸಂಬಳಕ್ಕಿರೋರು ವಕೀಲಿ ಮಾಡೋ ಹಾಗಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮ. ಹಾಗಾಗಿ ಅವರು ಕಾನೂನಿನ ಕಣ್ಣಲ್ಲಿ 'ವಕೀಲ' ಅಲ್ಲ, ಕಂಪನಿಯ 'ಅಧಿಕಾರಿ'. ಅವರು ಒಳಗೆ. ಫೀಸೇ ತಗೊಳ್ಳದೆ ಬಂದಿದ್ದ ನನ್ನಕ್ಕ ವಕೀಲೆ, ಆದ್ದರಿಂದ ಹೊರಗೆ.

ಒಳಗೆ ಏನಾಯ್ತು ಅಂದ್ರೆ, ಅಧಿಕಾರಿ ಕೇಳಿದ್ರು, "ರಾಜೀನಾಮೆ ಮೇಲ್ ನೀವೇ ಕಳಿಸಿದ್ದಾ?" ನಾನು, "ಹೌದು ಸರ್." ಅಷ್ಟೇ. ಫೈಲಿನವರು ಅದನ್ನ ಬರೆದುಕೊಂಡ್ರು. ಹೊರಗೆ ಬಂದು ಹೇಳಿದಾಗ ಅಕ್ಕ ಹಣೆ ಚಚ್ಚಿಕೊಂಡಳು. "ಹೌದು, ಆದ್ರೆ ಕೂರಿಸಿ ಬರೆಸಿದ್ರು ಅಂತ ಒಂದು ಮಾತು ಸೇರಿಸೋಕಾಗ್ಲಿಲ್ವೇನೋ?" ಆಗ್ಲಿಲ್ಲ. ಸಾವಿರಾರು ಜನ ಬಳಸೋ ಪೇಮೆಂಟ್ ಮಾಡ್ಯೂಲ್ ಬರೆದವನಿಗೆ ಆ ರೂಮಲ್ಲಿ ಐದು ಪದ ಜೋಡಿಸೋಕೆ ಆಗ್ಲಿಲ್ಲ.

ಈ ನಿಯಮ ಮಾಡಿದವರ ಉದ್ದೇಶ ಕೆಟ್ಟದಲ್ಲ, ಅದನ್ನ ಒಪ್ಪಲೇಬೇಕು. ಮಾಲೀಕ ದೊಡ್ಡ ವಕೀಲನನ್ನ ತರ್ತಾನೆ, ಕೂಲಿಯವನ ಹತ್ತಿರ ದುಡ್ಡಿಲ್ಲ, ಹಾಗಾಗಿ ಇಬ್ಬರೂ ವಕೀಲರಿಲ್ಲದೆ ಎದುರುಬದುರು ಕೂತು ಮಾತಾಡಲಿ ಅನ್ನೋದು ಲೆಕ್ಕ. ಸಂಧಾನದಲ್ಲಿ ವಕೀಲರು ಇಲ್ಲವೇ ಇಲ್ಲ. ಲೇಬರ್ ಕೋರ್ಟಲ್ಲಿ ಎದುರು ಪಕ್ಷ ಒಪ್ಪಿದ್ರೆ ಮತ್ತು ಕೋರ್ಟ್ ಅನುಮತಿ ಕೊಟ್ರೆ ಮಾತ್ರ. ಆದ್ರೆ ನಾವು ಕೋಡ್ ಬರೆಯೋರಿಗೆ ಗೊತ್ತಲ್ಲ, ನಿಯಮ ಹಾಗೇ ಇದ್ದು ಸುತ್ತಲಿನ ಪ್ರಪಂಚ ಬದಲಾದ್ರೆ ಅದೇ ಬಗ್ ಆಗತ್ತೆ. ಈಗ ಮಾಲೀಕನಿಗೆ ಹೊರಗಿನ ವಕೀಲ ಬೇಕಾಗೇ ಇಲ್ಲ. ಅವನ ಕಾನೂನು ವಿಭಾಗ ಒಳಗೇ ಇದೆ.

ಇದಕ್ಕೆ ದಾರಿ ಏನು ಅನ್ನೋದನ್ನ 1976ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಡಿಶಾದ ಪಾರಾದೀಪ್ ಬಂದರಿನ ಟ್ರಸ್ಟಿಗೂ ಅದರ ಕಾರ್ಮಿಕರಿಗೂ ನಡೆದ ಕೇಸು. ಟ್ರಸ್ಟ್ ಒಬ್ಬ ವಕೀಲರನ್ನ ಕಳಿಸಿತ್ತು, ಕಾರ್ಮಿಕರು ಒಪ್ಪಲಿಲ್ಲ. ಕೋರ್ಟ್ ಹೇಳಿದ್ದರ ಸಾರಾಂಶ: ಬರೀ ವಕೀಲನಾಗಿ ಬರೋದಾದ್ರೆ ಒಪ್ಪಿಗೆ, ಅನುಮತಿ ಎರಡೂ ಬೇಕು. ಆದ್ರೆ ಒಬ್ಬ ವಕೀಲ ಕಾರ್ಮಿಕ ಸಂಘದ ಪದಾಧಿಕಾರಿಯೋ, ಕಾರ್ಯಕಾರಿ ಸಮಿತಿ ಸದಸ್ಯನೋ ಆಗಿದ್ರೆ ಆ ಹೊಣೆಯಲ್ಲಿ ಬಂದು ಮಾತಾಡಬಹುದು. ಮಾಲೀಕರ ಸಂಘದ ಪದಾಧಿಕಾರಿಯಾಗಿದ್ರೂ ಹಾಗೇ. ಅವನನ್ನ ಯಾವ ಉದ್ದೇಶಕ್ಕೆ ಪದಾಧಿಕಾರಿ ಮಾಡಿಕೊಂಡ್ರಿ ಅಂತ ಕೆದಕೋ ಅಧಿಕಾರ ನ್ಯಾಯಮಂಡಳಿಗೆ ಇಲ್ಲ. ಅಂದ್ರೆ ಈ ಬಾಗಿಲು ಎರಡೂ ಕಡೆಯವರಿಗೆ ತೆರೆದಿದೆ. ಮಾಲೀಕರ ಕಡೆಯವರು ಅದರೊಳಗೆ ಯಾವತ್ತೋ ಹೋಗಿ ಕೂತಿದ್ದಾರೆ, ನಮ್ಮ ಕಡೆಯವರು ಇನ್ನೂ ಮುಜುಗರ ಪಡ್ತಿದ್ದಾರೆ. ರೂಮ್‌ಮೇಟಿನ 'ಹ್ಯಾಕ್' ವಾದಕ್ಕೆ ನನ್ನ ಉತ್ತರ ಇದೇ. ಡಾಕ್ಯುಮೆಂಟೇಶನ್‌ನಲ್ಲಿ ಬರೆದಿಟ್ಟಿರೋದು ಹ್ಯಾಕ್ ಅಲ್ಲಪ್ಪಾ, ಫೀಚರು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 1947ರ ಕಾಯ್ದೆ ಹೋಯ್ತು, ಅದರ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ಬಹಳ ಬದಲಾಗಿದೆ. ವಕೀಲರ ವಿಷಯದಲ್ಲಿ ಮಾತ್ರ ಹಳೇ ನಿಯಮವನ್ನೇ ಇಟ್ಟುಕೊಂಡಿದ್ದಾರೆ. ಹಾಗಾಗಿ ಅಕ್ಕನ ಪ್ರಶ್ನೆ ಹಳತಾಗಿಲ್ಲ.

ದೊಡ್ಡಪ್ಪನ ಆಕ್ಷೇಪ ಬೇರೆ, ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಅವರು ಹೇಳೋದು, "ಹೊರಗಿನವರು ಬಂದು ಅಧ್ಯಕ್ಷರಾದ ಮೇಲೆ ಕಾರ್ಖಾನೆಯವನ ಮಾತಿಗೆ ಬೆಲೆ ಇರಲ್ಲ ಕಣೋ. ಒಬ್ಬೊಬ್ಬ ಲೀಡರ್ ಹತ್ತು ಯೂನಿಯನ್ನಲ್ಲಿ ಕೂತಿರ್ತಿದ್ದ. ನಮ್ಮ ಶಿಫ್ಟು ಯಾವಾಗ ಮುಗಿಯತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ." ಇದು ಬರೀ ಅವರೊಬ್ಬರ ಗೊಣಗಾಟ ಅಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಜನ ಹೊರಗಿನವರಿರೋಕೆ ಅವಕಾಶ ಇತ್ತು. 2001ರ ತಿದ್ದುಪಡಿಯಲ್ಲಿ, ಸಂಘಟಿತ ವಲಯದ ಮಟ್ಟಿಗೆ, ಅದನ್ನ ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟಕ್ಕೆ ಇಳಿಸಿದ್ರು. ಒಳ್ಳೇದೇ ಮಾಡಿದ್ರು ಅಂತ ನನಗನಿಸತ್ತೆ.

ಆದ್ರೆ ಅಕ್ಕನಿಗೆ ಇದರಲ್ಲಿ ಲಾಭ ಏನಿದೆ ನೋಡಿ. ತಾನು ಕಾರ್ಯಕಾರಿ ಸಮಿತಿಯಲ್ಲಿರೋ ಸಂಸ್ಥೆಯ ಪರ ವಕೀಲ ವಕಾಲತ್ತು ಹಾಕಬಾರದು ಅಂತಲೂ ಬಾರ್ ಕೌನ್ಸಿಲ್ ನಿಯಮ ಇದೆ. ಅಂದ್ರೆ ಸೇರಿದ ದಿನದಿಂದ ಆ ಸಂಘದ ಹೈಕೋರ್ಟ್ ಕೇಸು ಬೇರೆಯವರಿಗೆ ಹೋಗತ್ತೆ, ಫೀಸೂ ಅಲ್ಲಿಗೇ ಹೋಗತ್ತೆ. ಸಂಧಾನದ ರೂಮಲ್ಲಿ ಅವಳು ಕರಿ ಕೋಟಿಲ್ಲದೆ, ಬಿಡಿಗಾಸಿಲ್ಲದೆ ಕೂರ್ತಾಳೆ. ಮೊನ್ನೆ ಕಂಪನಿಗಳ ಕಡೆಯ ಒಂದು ಆಫೀಸಿಂದಲೂ ಅವಳಿಗೆ ಕರೆ ಬಂದಿತ್ತು, ಅಲ್ಲಿ ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ. ಅದನ್ನ ಬಿಟ್ಟು ಇದನ್ನ ಯೋಚಿಸ್ತಿರೋಳ ಮೇಲೆ 'ಲೀಡರ್ ಆಗೋಕೆ ಹೊರಟಿದ್ದಾಳೆ' ಅನ್ನೋದು ಅನ್ಯಾಯ. ದೊಡ್ಡಪ್ಪನಿಗೆ ಇದನ್ನೇ ಹೇಳಿದೆ. ಅವರು ಕೆಮ್ಮಿ, ಟಿವಿ ವಾಲ್ಯೂಮ್ ಜಾಸ್ತಿ ಮಾಡಿದ್ರು.

ನನ್ನ ಕೇಸು ಏನಾಯ್ತು ಅಂತ ಕೇಳ್ತೀರಿ. ಎರಡನೇ ಸಿಟ್ಟಿಂಗಿಗೆ ಸಂಘದ ಪದಾಧಿಕಾರಿಯೊಬ್ಬರು ನನ್ನ ಪಕ್ಕ ಕೂತ್ರು. ನಾನಾಗ ಸದಸ್ಯನೂ ಆಗಿರಲಿಲ್ಲ. ಸದಸ್ಯನಲ್ಲದವನೂ ತನ್ನ ಉದ್ಯಮದ ಸಂಘದ ಪದಾಧಿಕಾರಿಗೆ ಬರೆದುಕೊಟ್ಟು ಕರಕೊಂಡು ಹೋಗಬಹುದು. ಅದೇ ಉದ್ಯಮದ ಬೇರೆ ನೌಕರನನ್ನೂ ಕರಕೊಂಡು ಹೋಗಬಹುದು. (ಇದೊಂದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಯಾರ ಗುರುವಾರ ಯಾವಾಗ ಬರತ್ತೋ.) ಅವರು ಇನ್ನೊಂದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡೋರು, ಒಂದು ದಿನ ರಜೆ ಹಾಕಿ ಬಂದಿದ್ರು. ಕೈಲಿ ಅಕ್ಕ ಬರೆದುಕೊಟ್ಟ ಎರಡು ಹಾಳೆ. ಚೆನ್ನಾಗೇ ಓದಿದ್ರು. ಆದ್ರೆ ಫೈಲಿನವರು ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆ ಎಸೆದಾಗ ಅವರೂ ನಾನೂ ಮುಖ ಮುಖ ನೋಡಿಕೊಂಡ್ವಿ. ಉತ್ತರ ಗೊತ್ತಿದ್ದೋಳು ಗೋಡೆಯ ಆಚೆ ಬೆಂಚಿನ ಮೇಲಿದ್ದಳು. ಕೊನೆಗೆ ಎರಡು ತಿಂಗಳ ಸಂಬಳ ಮತ್ತು ಒಂದು ರಿಲೀವಿಂಗ್ ಲೆಟರಿಗೆ ಮುಗೀತು. ಕೆಲಸ ವಾಪಸ್ ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ರೆ ಬರ್ತಿತ್ತು ಅಂತ ಹೇಳೋಕಾಗಲ್ಲ, ಆದ್ರೆ ಆ ಗೋಡೆ ಮಾತ್ರ ಈಗಲೂ ಕಣ್ಣಿಗೆ ಕಟ್ಟತ್ತೆ.

ಈಗ ಲೆಕ್ಕಕ್ಕೆ ಬರೋಣ, ನಾಲ್ಕು ತಿಂಗಳು ನನ್ನನ್ನ ಬಾಯಿ ಮುಚ್ಚಿಸಿದ್ದು ಅದೇ. ಆ ಸಂಘದ ಸಮಿತಿಯಲ್ಲಿ ಈಗ ಏಳು ಜನ. ಅದರಲ್ಲಿ ಇಬ್ಬರು ಈಗಾಗಲೇ ಹೊರಗಿನವರು. ಏಳರ ಮೂರನೇ ಒಂದು ಭಾಗ ಎರಡೇ. ಅಕ್ಕ ಮೂರನೆಯವಳು. ಅವಳಿಗೆ ಜಾಗ ಆಗಬೇಕಾದ್ರೆ ಸಮಿತಿ ಒಂಬತ್ತಾಗಬೇಕು, ಅಂದ್ರೆ ಅವಳ ಜೊತೆ ಐಟಿಯಲ್ಲಿ ಕೆಲಸ ಮಾಡ್ತಿರೋನು ಇನ್ನೊಬ್ಬ ಬೇಕು. ಅವನ ಹೆಸರು, ಕೆಲಸ ಎಲ್ಲ ಪದಾಧಿಕಾರಿಗಳ ಪಟ್ಟಿಯಲ್ಲಿ ಸೇರಿ ರಿಜಿಸ್ಟ್ರಾರ್ ಹತ್ತಿರ ಹೋಗತ್ತೆ. ಕಂಪನಿಯವರಿಗೆ ಗೊತ್ತಾಗದೆ ಇರತ್ತಾ?

ಅಕ್ಕ ನನ್ನನ್ನ ಕೇಳಿಲ್ಲ. ಕೇಳೋದೂ ಇಲ್ಲ, ನನಗೆ ಗೊತ್ತು. ಹೊಸ ಕೆಲಸ, ಊರಲ್ಲಿ ಮನೆ ಸಾಲ, ಎಲ್ಲ ಅವಳಿಗೆ ಗೊತ್ತಿರೋದೇ. ಭಾನುವಾರ ವಾದ ಮಾಡ್ತಾ ನಾನು "ಸೇರಲೇಬೇಕು, ಇದು ಹಕ್ಕು, ಸುಪ್ರೀಂ ಕೋರ್ಟೇ ಹೇಳಿದೆ" ಅಂತೆಲ್ಲ ದನಿ ಏರಿಸ್ತಿದ್ದಾಗ ದೊಡ್ಡಪ್ಪ ಟಿವಿ ಕಡೆಯಿಂದ ತಿರುಗದೇನೇ ಕೇಳಿದ್ರು, "ಆ ಇನ್ನೊಬ್ಬ ಯಾರೋ?"

ಫಾರಂ ನನ್ನ ಟೇಬಲ್ ಮೇಲಿದೆ. ಹೆಸರು, ವಯಸ್ಸು, ಊರಿನ ವಿಳಾಸ ತುಂಬಿದ್ದೀನಿ. 'ಈಗಿನ ಉದ್ಯೋಗ' ಅನ್ನೋ ಗೆರೆ ಮೇಲೆ ಪೆನ್ನಿಟ್ಟು, ಅದನ್ನ ಹಾಗೇ ಬಿಟ್ಟು, ಇದನ್ನ ಬರೆಯೋಕೆ ಕೂತೆ. ಸಭೆ ಮುಂದಿನ ಭಾನುವಾರ ಹತ್ತು ಗಂಟೆಗೆ. ನಿಮ್ಮಲ್ಲಿ ಯಾರಾದ್ರೂ ಇಂಥ ಸಮಿತಿಯಲ್ಲಿ ಕೂತಿದ್ರೆ ಏನಾಯ್ತು ಅಂತ ಬರೀರಿ, ಶನಿವಾರ ರಾತ್ರಿವರೆಗೂ ನೋಡ್ತಿರ್ತೀನಿ.