ಚೇತರಿಕೆ ಎಂದರೆ ಯಾರ ಚೇತರಿಕೆ?



ಕೆಲವು ತಿಂಗಳ ಹಿಂದೆ ಗಜೇಂದ್ರಗಡ ತಾಲ್ಲೂಕಿನ ಒಂದು ಹಳ್ಳಿಯ ಸ್ವಸಹಾಯ ಸಂಘದ ಸಭೆಗೆ ಹೋಗಿದ್ದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವಳು ನಾನು, ಭಾಷಣದ ಚಟ ಇನ್ನೂ ಹೋಗಿಲ್ಲ. "ಕೊರೊನಾ ಕಾಲದ ಮುಗ್ಗಟ್ಟಿನಿಂದ ದೇಶ ಚೇತರಿಸಿಕೊಂಡಿದೆ" ಎಂದು ಮಾತು ಶುರು ಮಾಡಿದೆ. ಗೋಡೆಗೆ ಒರಗಿ ಕೂತಿದ್ದ ಒಬ್ಬಾಕೆ ನಡುವೆಯೇ ಕೇಳಿದಳು: "ಅಕ್ಕಾರ, ನನ್ನ ಬೋರಮಾಳ ಸರ ಇನ್ನೂ ಅಡವಿನ್ಯಾಗ ಐತ್ರಿ. ಹಂಗಾರ ಚೇತರಿಸಿಕೊಂಡವ್ರು ಯಾರ್ರಿ?"

ಆಕೆಯ ಕಥೆ ನಿಮಗೆ ಹೊಸದಲ್ಲ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆಯಿತು. ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ಗಂಡ ಬರಿಗೈಲಿ ಊರಿಗೆ ಬಂದ. ತವರಿನವರು ಹಾಕಿದ್ದ ಸರ ಅಡವಿಗೆ ಹೋಯಿತು. ಅದೂ ಸಾಲದಾದಾಗ ಆಕೆಯ ಹೆಸರಿನಲ್ಲಿ ಎರಡು ಫೈನಾನ್ಸ್ ಕಂಪನಿಗಳಿಂದ ಸಾಲ ಬಂತು. ಸಾಲದ ಸಹಿ ಅವಳದು, ದುಡ್ಡು ಹಿಡಿದ ಕೈ ಅವನದು. ಎರಡು ವರ್ಷದಲ್ಲಿ ಅವನಿಗೆ ಮತ್ತೆ ಕೆಲಸ ಸಿಕ್ಕಿತು, ಮನೆಗೆ ಮೋಟಾರ್ ಸೈಕಲ್ ಬಂತು. "ನನ್ನ ಸರ ಯಾವಾಗ ಬಿಡಸ್ತಿ?" ಎಂದು ಕೇಳಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಹೊಡೆತ.

ಅವತ್ತು ನಾನು ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ನನ್ನ ಅವ್ವನ ಕೈ ನೆನಪಾಯಿತು.

ನನ್ನ ತವರು ನರಗುಂದದ ಹತ್ತಿರದ ಹಳ್ಳಿ. ಮಲಪ್ರಭಾ ಕಾಲುವೆ ಬಂದಾಗ ಎಲ್ಲರೂ ಹಿಗ್ಗಿದ್ದರು. ಅಪ್ಪ ವರಲಕ್ಷ್ಮಿ ಹತ್ತಿ ಬೆಳೆದರು. ಹತ್ತಿಯ ದರ ಬಿತ್ತು. ಗೊಬ್ಬರ, ಔಷಧದ ಸಾಲ ಹಾಗೇ ಉಳಿಯಿತು. ಅದರ ಮೇಲೆ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕಟ್ಟಬೇಕೆಂದು ಸರ್ಕಾರ ಪಟ್ಟು ಹಿಡಿಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು, ಗೋಲಿಬಾರ್ ಆಯಿತು, ರೈತರು ಸತ್ತರು. ಆ ಬಂಡಾಯದಿಂದಲೇ ರಾಜ್ಯ ರೈತಸಂಘ ಹುಟ್ಟಿತು. ಇವತ್ತಿಗೂ ಆ ದಿನವನ್ನು ಹುತಾತ್ಮ ದಿನವೆಂದು ಆಚರಿಸುತ್ತೇವೆ. ಆಚರಿಸಬೇಕಾದದ್ದೇ.

ಆದರೆ ಅದೇ ವರ್ಷ ಅವ್ವನ ನಾಲ್ಕು ತೊಲೆ ಪಾಟಲಿ ಸಾಹುಕಾರನ ಪೆಟ್ಟಿಗೆ ಸೇರಿದ್ದು ಯಾವ ಇತಿಹಾಸದಲ್ಲೂ ಇಲ್ಲ. ಸಾಲ ತೀರಿತು, ಹೊಲ ಉಳಿಯಿತು. "ಮನಿ ಸುಧಾರಿಸಿತು" ಎಂದು ಅಪ್ಪ ಸಾಯುವ ತನಕ ಹೇಳಿದರು. ಪಾಟಲಿ ಮಾತ್ರ ಬರಲಿಲ್ಲ. ಅವ್ವ ಗಾಜಿನ ಬಳೆಯಲ್ಲೇ ಮುದುಕಿಯಾದಳು. ಮುಂದೆ ನನ್ನ ಮದುವೆಗೆ ವರದಕ್ಷಿಣೆ ಕೊಡಲು ಅದೇ ಹೊಲದ ಮೇಲೆ ಮತ್ತೆ ಸಾಲ ಮಾಡಿದರು. ಎಂ.ಎ. ಓದಿದ ನಾನು ಬೇಡ ಎನ್ನಲಿಲ್ಲ. ಈ ಮಾತನ್ನು ಒಪ್ಪಿಕೊಳ್ಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಬಂಗಾರ ಅಡವಿಡುವುದು ಬಡವರ ಮನೆಯ ಸಂಗತಿ ಮಾತ್ರವಲ್ಲ. 1991ರಲ್ಲಿ ವಿದೇಶಿ ವಿನಿಮಯ ಖಾಲಿಯಾದಾಗ ನಮ್ಮ ದೇಶವೇ ಸುಮಾರು 47 ಟನ್ ಬಂಗಾರವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ ಸಾಲ ಎತ್ತಿತು. ಆ ಸಾಲ ತೀರಿತು, ದೇಶ ಚೇತರಿಸಿಕೊಂಡಿತು ಎಂದು ಪುಸ್ತಕಗಳು ಹೇಳುತ್ತವೆ, ನಾನೂ ಹಾಗೇ ಪಾಠ ಮಾಡಿದೆ. ಅದರ ಬೆನ್ನಿಗೇ ಸರ್ಕಾರ ಖರ್ಚು ಕಡಿಮೆ ಮಾಡಬೇಕು ಎಂಬ ನೀತಿ ಬಂತು. 1997ರಲ್ಲಿ ರೇಷನ್ ವ್ಯವಸ್ಥೆಯಲ್ಲೂ ಬಡತನದ ಗೆರೆ ಎಳೆದು ಜನರನ್ನು ಎರಡು ಪಾಲು ಮಾಡಿದರು. ಸರ್ಕಾರ ಕೈಬಿಟ್ಟ ಖರ್ಚು ಮಾಯವಾಗುವುದಿಲ್ಲ. ಅದು ಅಡುಗೆಮನೆಗೆ ಬರುತ್ತದೆ. ಅರ್ಧ ರೊಟ್ಟಿ ಕಡಿಮೆ ತಿನ್ನುವವಳು, ರೋಗಿಯ ಸೇವೆ ಮಾಡುವವಳು, ಶಾಲೆ ಬಿಟ್ಟು ಕೂಲಿಗೆ ಹೋಗುವ ಹುಡುಗಿ, ಇವರೇ ಆ ಲೆಕ್ಕ ತುಂಬುತ್ತಾರೆ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ. ಮುಗ್ಗಟ್ಟಿನಲ್ಲಿ ಸರ್ಕಾರ ಕೈ ಹಿಂದೆಗೆಯಬಾರದು, ದುಡಿಮೆಯನ್ನೂ ಕಾಳನ್ನೂ ಪೆಟ್ಟು ತಿಂದವರ ಕೈಗೇ ಮುಟ್ಟಿಸಬೇಕು. ಸಾಲ ಕೊಟ್ಟವರೂ ನಷ್ಟದಲ್ಲಿ ಪಾಲು ಹೊರಬೇಕು. 2008ರಲ್ಲಿ ಐಸ್‌ಲ್ಯಾಂಡ್ ದೇಶದ ದೊಡ್ಡ ಬ್ಯಾಂಕುಗಳು ಮುಳುಗಿದಾಗ, ಮನೆಯ ಬೆಲೆಯನ್ನೂ ಮೀರಿ ಬೆಳೆದ ಮನೆಸಾಲದ ಹೆಚ್ಚಿನ ಭಾಗವನ್ನು ಆಮೇಲೆ ಮನ್ನಾ ಮಾಡಿಸಲಾಯಿತು. ನಮ್ಮಲ್ಲಿ 2020ರಲ್ಲಿ ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಆದರೆ ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ.

ಆ ವರ್ಷ ನಮ್ಮ ಕಡೆ ನಿಜವಾಗಿ ಒಲೆ ಉರಿಸಿದ್ದು ಉದ್ಯೋಗ ಖಾತ್ರಿ. ಬದು ಕಟ್ಟುವುದು, ಕೃಷಿಹೊಂಡ ತೋಡುವುದು, ಕೆರೆಯ ಹೂಳೆತ್ತುವುದು. ದಿನಕ್ಕೆ 275 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ರೋಣದ ಎರೆಹೊಲಗಳಲ್ಲಿ ಹೆಂಗಸಿಗೆ ಸಮಾನ ಕೂಲಿ ಕೊಟ್ಟ ಜಮೀನ್ದಾರನನ್ನು ನಾನಂತೂ ನೋಡಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ 2005ರ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳು 100ರಿಂದ 125ಕ್ಕೆ ಏರಿವೆ ನಿಜ. ಆದರೆ ಖರ್ಚಿನ ನೂರಕ್ಕೆ 40 ಪಾಲು ರಾಜ್ಯದ ಮೇಲೆ ಬಿದ್ದಿದೆ, ಬಿತ್ತನೆ ಸುಗ್ಗಿಯ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ. ಆ 60 ದಿನ ಕೂಲಿಯ ದರ ಹೇಳುವವರು ಯಾರು, ಯೋಚಿಸಿ. ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಬೇಕಾದವರು ನಾವು.

ಇನ್ನು ಸಾಲದ ಮಾತು. ವಸೂಲಿಯ ಕಿರುಕುಳಕ್ಕೆ ಹೆದರಿ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ 2025ರ ಫೆಬ್ರವರಿ 12ರಂದು ಕರ್ನಾಟಕದಲ್ಲಿ ಸುಗ್ರೀವಾಜ್ಞೆ ಬಂತು, ಮುಂದೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಲೆಕ್ಕ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳ ಸಾಲ ಹಾಗೆ ತೀರುವುದಿಲ್ಲ. ಆದರೆ 2022ರ ನಿಯಮದಂತೆ ಅವರು ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ.

ಕಾನೂನು ಏಜೆಂಟನನ್ನು ಬಾಗಿಲಲ್ಲಿ ತಡೆಯಬಹುದು. ಬಾಗಿಲೊಳಗಿನ ಹೊಡೆತವನ್ನು ಯಾರು ತಡೆಯಬೇಕು? ಇಲ್ಲಿ ನಮ್ಮ ತಪ್ಪೂ ಇದೆ. ಗುಂಪಿನ ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದವರು ಹೋಗಿ ಅವಳ ಮನೆಯ ಮುಂದೆ ಕೂತಿದ್ದೇವೆ, ಬೈದಿದ್ದೇವೆ. ಏಜೆಂಟನ ಕೆಲಸವನ್ನು ನಾವೇ ಮಾಡಿಕೊಟ್ಟಿದ್ದೇವೆ. ನಾವು ಎದ್ದು ಬಂದ ಮೇಲೆ ಆ ರಾತ್ರಿ ಅವಳಿಗೆ ಏನಾಯಿತು ಎಂದು ಕೇಳಿದವರು ಕಡಿಮೆ.

ಬೋರಮಾಳ ಸರದ ಗೆಳತಿಗೆ ಈಗ ಉತ್ತರ ಹೇಳುತ್ತೇನೆ. ಆ ಸರ ನಿನ್ನದು. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಕೇರಳದ ಒಬ್ಬ ಮಹಿಳೆಯ ಮೊಕದ್ದಮೆಯಲ್ಲಿ, ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿದರೂ ಬಂಗಾರವನ್ನೋ ಅದರ ಬೆಲೆಯನ್ನೋ ತಿರುಗಿ ಕೊಡುವುದು ಅವನ ಹೊಣೆ ಎಂದಿತು, 25 ಲಕ್ಷ ರೂಪಾಯಿ ಕೊಡಿಸಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಸ್ತ್ರೀಧನ ಕಸಿಯುವುದು ಆರ್ಥಿಕ ಹಿಂಸೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಲ್ಲಿ ದೂರು ಕೊಡಬಹುದು. ಒಬ್ಬಳೇ ಹೋಗಬೇಡ, ಸಂಘವನ್ನು ಕರೆದುಕೊಂಡು ಹೋಗು.

ಸಂಘಗಳಿಗೆ ನನ್ನ ಮೂರು ಸಲಹೆ.

ಒಂದು, ಉಳಿತಾಯದ ಪುಸ್ತಕದಲ್ಲಿ ಅಡವಿಟ್ಟ ಬಂಗಾರಕ್ಕೂ ಒಂದು ಪುಟ ಇಡಿ. ಯಾರದು, ಎಷ್ಟು ತೊಲೆ, ಎಲ್ಲಿದೆ, ಯಾವ ಕಾರಣಕ್ಕೆ ಹೋಯಿತು, ಎಲ್ಲ ಬರೆಯಿರಿ. ಹೆಸರು ಅಥವಾ ಕಡಲೆಯ ಪೀಕು ಕೈಗೆ ಬಂದಾಗ ಮೊದಲು ಬಿಡಿಸಬೇಕಾದದ್ದು ಅದೇ.

ಎರಡು, ಕಂತು ತಪ್ಪಿದವಳನ್ನು "ದುಡ್ಡು ಎಲ್ಲಿ?" ಎಂದು ಕೇಳುವ ಮೊದಲು "ಮನೆಯಲ್ಲಿ ಹೇಗಿದ್ದೀ?" ಎಂದು ಕೇಳಿ.

ಮೂರು, ವರದಕ್ಷಿಣೆಗೆ ಸಂಘದ ಸಾಲ ಇಲ್ಲ ಎಂದು ಠರಾವು ಮಾಡಿ. ಎಮ್ಮೆಗೆ, ಮಗ್ಗಕ್ಕೆ, ಮಗಳ ಓದಿಗೆ ಧಾರಾಳವಾಗಿ ಕೊಡಿ. "ಸಂಘ ಕೊಡದಿದ್ದರೆ ಸಾಹುಕಾರ ಕೊಡ್ತಾನ" ಎನ್ನುತ್ತೀರಿ. ನಿಜ. ಆದರೆ ಆ ಸಾಲದ ದುಡ್ಡು ಎಣಿಸಿಕೊಳ್ಳುವ ವರನ ತಾಯಿ ಯಾವ ಸಂಘದಲ್ಲಿದ್ದಾಳೆ? ಹೆಚ್ಚಾಗಿ ನಮ್ಮದೇ ಸಂಘದಲ್ಲಿ, ಇಲ್ಲವೇ ಪಕ್ಕದ ಓಣಿಯ ಸಂಘದಲ್ಲಿ. ಕೊಡುವುದಿಲ್ಲ ಎನ್ನುವ ಠರಾವಿಗಿಂತ ಮೊದಲು ತೆಗೆದುಕೊಳ್ಳುವುದಿಲ್ಲ ಎನ್ನುವ ಠರಾವಿಗೆ ಸಹಿ ಬೀಳಲಿ. ಗಂಡುಮಕ್ಕಳ ತಾಯಂದಿರ ಸಹಿ ಮೊದಲು ಬೀಳಲಿ.

ನನಗೂ ಒಬ್ಬ ಮಗನಿದ್ದಾನೆ. ಅವನ ಮದುವೆಯಲ್ಲಿ ಬೀಗರು ಬಂಗಾರ ತಂದಾಗ ಹಿಂದಕ್ಕೆ ಕಳಿಸಿದೆ. ಅದರಿಂದ ಅವ್ವನ ಪಾಟಲಿ ತಿರುಗಿ ಬರಲಿಲ್ಲ. ಆದರೆ ಇನ್ನೊಬ್ಬ ತಾಯಿಯ ಪಾಟಲಿ ಅವಳ ಕೈಯಲ್ಲೇ ಉಳಿಯಿತು. ನಾನು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿಸದೇ ಹೋದ ಚೇತರಿಕೆಯ ಲೆಕ್ಕ ಇದು. ಮುಂದಿನ ಸಭೆಯಲ್ಲಿ ನೀವು ಇದನ್ನು ನಿಮ್ಮ ಪುಸ್ತಕದಲ್ಲಿ ಬರೆಯಲು ಶುರು ಮಾಡಿ.