ಸದ್ದು ಅಡಗಲಿ ಎಂದು ಕಾಯಬೇಕೆ?

ಏರೋ ಇಂಡಿಯಾ ಹತ್ತಿರ ಬಂತೆಂದರೆ ಯಲಹಂಕದ ಸುತ್ತಿನ ಶಾಲೆಗಳಲ್ಲಿ ಬೋಧನಾಭ್ಯಾಸ ನಡೆಸುವುದು ಕಷ್ಟ. ಯುದ್ಧವಿಮಾನಗಳ ತಾಲೀಮಿಗೆ ಪಾಠ ಮತ್ತೆ ಮತ್ತೆ ನಿಲ್ಲುತ್ತದೆ. 2025ರ ಫೆಬ್ರವರಿಯಲ್ಲಿ ನಾನು ಎಂಟನೆಯ ತರಗತಿಯ ‘ಶಬ್ದ’ ಘಟಕದ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ವಿಮಾನ ದಾಟಿದೊಡನೆ ಹುಡುಗನೊಬ್ಬ ಎದ್ದು ಕೇಳಿದ: “ಮಿಸ್, ಇದೇ ಇಷ್ಟು ಸದ್ದು ಮಾಡಿದರೆ, ರಾಕೆಟ್ ಸದ್ದಿಗೆ ರಾಕೆಟ್ಟೇ ಒಡೆದುಹೋಗಲ್ವಾ?”

ಪ್ರಶಿಕ್ಷಣಾರ್ಥಿ ಪಾಠಯೋಜನೆ ಬದಿಗಿಟ್ಟಳು. ಉಳಿದ ಅವಧಿಯೆಲ್ಲ ಅದಕ್ಕೇ ಹೋಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಉದ್ದೇಶ ಈಡೇರಿಲ್ಲ’ ಎಂದು ಬರೆದು ಅಂಕ ಕಡಿಮೆ ಮಾಡಿದೆ. ಅದು ನನ್ನ ತಪ್ಪು.

ಹುಡುಗನ ಪ್ರಶ್ನೆ ಎಂಜಿನಿಯರುಗಳದ್ದೇ ಪ್ರಶ್ನೆ. ಶಬ್ದಕ್ಕಿಂತ ವೇಗವಾಗಿ ನುಗ್ಗುವ ಬಿಸಿ ಅನಿಲ ನಿಂತ ಗಾಳಿಯೊಡನೆ ಕಲಸಿಕೊಳ್ಳುವಾಗ ಆ ಭಾರಿ ಸದ್ದು ಹುಟ್ಟುತ್ತದೆ. ಅದು ಉಡಾವಣಾ ವೇದಿಕೆಗೆ ಬಡಿದು ಮೇಲಕ್ಕೆ ಪ್ರತಿಫಲಿಸಿ, ತುದಿಯಲ್ಲಿರುವ ಉಪಗ್ರಹವನ್ನೂ ನಡುಗಿಸುತ್ತದೆ. 1981ರಲ್ಲಿ ಕೊಲಂಬಿಯಾ ನೌಕೆಯ ಮೊದಲ ಹಾರಾಟದಲ್ಲಿ, ಬೂಸ್ಟರುಗಳು ಹೊತ್ತಿದ ಕ್ಷಣದ ಒತ್ತಡದ ಅಲೆ ನೌಕೆಯನ್ನೇ ಅಪ್ಪಳಿಸಿತ್ತು. ಎರಡನೆಯ ಹಾರಾಟದ ಹೊತ್ತಿಗೆ ನಾಸಾ ನೀರು ಹಾಯಿಸುವ ವ್ಯವಸ್ಥೆಯನ್ನು ಬದಲಿಸಿತು. ಅಲ್ಲಿ ಒಂದು ಉಡಾವಣೆಗೆ ಒಂದು ನಿಮಿಷದೊಳಗೆ ಸುರಿಯುತ್ತಿದ್ದ ನೀರು ಸುಮಾರು 11 ಲಕ್ಷ ಲೀಟರ್.

ನೀರೇ ಏಕೆ? ತರಗತಿ ಬಿಸಿಯೇರಿದ್ದು ಇಲ್ಲಿ. ಹುಡುಗಿಯೊಬ್ಬಳು, “ಕುಕ್ಕರನ್ನು ನಲ್ಲಿ ಕೆಳಗೆ ಇಟ್ಟರೆ ಸದ್ದು ನಿಲ್ಲುತ್ತಲ್ಲ, ಹಂಗೆ” ಎಂದಳು. ತಪ್ಪು ಉತ್ತರ, ಆದರೆ ಎಂಥ ಒಳ್ಳೆಯ ತಪ್ಪು! ಕುಕ್ಕರಿನಲ್ಲಿ ಒಳಗಿನ ಹಬೆ ತಣಿದು ಒತ್ತಡ ಇಳಿಯುತ್ತದೆ. ರಾಕೆಟ್ಟಿನಲ್ಲಿ ನೀರು ಹೊರಗಿನ ಉರಿಗೇ ಬೀಳುತ್ತದೆ. ಹನಿಗಳು ಆವಿಯಾಗುತ್ತ ಅನಿಲದ ಶಾಖವನ್ನೂ ವೇಗವನ್ನೂ ಕಸಿಯುತ್ತವೆ. ಈ ವ್ಯತ್ಯಾಸವನ್ನು ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಎರಡು ಚಿತ್ರ ಬರೆದು ಮಕ್ಕಳಿಂದಲೇ ಹೇಳಿಸಿದಳು. ಹತ್ತು ಡೆಸಿಬೆಲ್ ತಗ್ಗಿದರೆ ತೀವ್ರತೆ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬುದೂ ಬಂತು. ಯೋಜನೆಯಲ್ಲಿ ಅದು ಮುಂದಿನ ವಾರದ ಪಾಠ!

ಇಸ್ರೋ ಕೇಂದ್ರ ಕಚೇರಿ ಇರುವುದು ನಮ್ಮ ನ್ಯೂ ಬಿ.ಇ.ಎಲ್. ರಸ್ತೆಯಲ್ಲಿ. ಆದರೂ ನಮ್ಮ ಪಾಠಯೋಜನೆಗಳಲ್ಲಿ ಶಬ್ದವೆಂದರೆ ಇನ್ನೂ ಶ್ರುತಿಕವೆ, ತಬಲಾ. ಅವು ಇರಲಿ, ಬೇಡವೆನ್ನುವುದಿಲ್ಲ. ಆದರೆ ಕಿಟಕಿ ಅದುರಿಸಿದ ಸದ್ದನ್ನು ಬಿಟ್ಟು ಪೀಠಿಕೆಗೆ ಬೇರೆ ಸದ್ದು ಹುಡುಕುವುದೇಕೆ?

ನಮ್ಮ ವೀಕ್ಷಣಾ ನಮೂನೆಯಲ್ಲಿ ‘ಸಮಯ ಪಾಲನೆ’ಗೆ ಅಂಕವಿದೆ, ಮಕ್ಕಳ ಅನಿರೀಕ್ಷಿತ ಪ್ರಶ್ನೆಯನ್ನು ನಿಭಾಯಿಸಿದ್ದಕ್ಕೆ ಇಲ್ಲ. ಆ ಒಂದು ಸಾಲು ಸೇರಿಸಬೇಕೆಂದು ಸಹೋದ್ಯೋಗಿಗಳನ್ನು ಕೇಳುತ್ತಿದ್ದೇನೆ. ಅವಳ ಅಂಕವನ್ನು ಈಗ ತಿದ್ದಲಾಗದು. ದಾಖಲೆ ಕಳುಹಿಸಿ ಆಗಿದೆ.